ಖಾಲಿ ಸಾಲಿನ ನೀಲಿ

ದೇವಿರಮ್ಮ ಮೇಡಂ ದಪ್ಪಗಿದ್ದರು. ಅಂಥವರು ಬೊಜ್ಜಿನ ಬಗ್ಗೆ ಸಂಶೋಧನೆ ಮಾಡಿದರೆ ಕೇಳಬೇಕೆ? ವಿಶ್ವವಿದ್ಯಾಲಯದ ಅವರ ವಿಭಾಗದ ಗಂಡಸರಿಗೆಲ್ಲ ಮುಸಿಮುಸಿ ನಗು. "ಊಟ ಕಮ್ಮಿ ಮಾಡಿದ್ರೆ ಆಯ್ತಲ್ಲ ಮೇಡಂ!" ಅವರ ಬಾಯಿಗಿಷ್ಟು ಮಣ್ಣು ಹಾಕ!

ಮೇಡಂಗೆ ಮಾತ್ರ ಸಿಟ್ಟೇ ಬರುತ್ತಿರಲಿಲ್ಲ. "ಮನೆಗೆ ಇನ್ನೊಂದು ರೂಮು ಸೇರಿಸ್ಬೇಕಾದ್ರೆ ಗೋಡೆ ಒಡೀಬೇಕು ಕಣ್ರೀ. ಕೊಬ್ಬಿನ ಜೀವಕೋಶಗಳ ಸುತ್ತಾನೂ ಪ್ರೋಟೀನಿನ ಬಲೆ ಇದೆ. ಅದನ್ನ ಕತ್ತರಿಸೋ ಕಿಣ್ವ ಇಲ್ದೆ ಕೊಬ್ಬು ಎಲ್ಲಿಗೆ ಬೆಳೀತದೆ?"

ಅದನ್ನು ತೋರಿಸಿಕೊಡುವ ಕೆಲಸ ಅವರ ವಿದ್ಯಾರ್ಥಿನಿ, ಕುಂಬಾರಕೊಪ್ಪಲಿನ ಹೇಮಶ್ರೀಯದು. ಪ್ರೋಟೀನು ಬೆರೆಸಿದ, ಲೋಳೆ ಹಾಳೆಯಂಥ ಜೆಲ್‌ಗೆ ನೀಲಿ ಬಣ್ಣ ಹಾಕಿದರೆ ಕಿಣ್ವ ತಿಂದ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ದಪ್ಪ ಇಲಿಯ ಕೊಬ್ಬಿಗೊಂದು ಸಾಲು, ಸಣ್ಣ ಇಲಿಯದಕ್ಕೊಂದು, ಪಕ್ಕದಲ್ಲಿ ಏನೂ ಹಾಕದ ಖಾಲಿ ಸಾಲು; ಅದು ಪೂರ್ತಿ ನೀಲಿಯಾಗಿಯೇ ಇರಬೇಕು. ಅದು ೧೯೯೮. ಆ ವಾರದ ಗುರುವಾರ ಮೇಡಂ ಇದನ್ನು ಇಡೀ ವಿಭಾಗದ ಮುಂದಿಡಬೇಕಿತ್ತು. ಮರುತಿಂಗಳೇ ನಿವೃತ್ತಿ.

ಸೋಮವಾರ ಹಾಕಿದ ಜೆಲ್ಲನ್ನು ಮಂಗಳವಾರ ನೋಡಿದ ಹೇಮಶ್ರೀ ಅದನ್ನೆತ್ತಿಕೊಂಡು ಮೇಡಂ ಹತ್ತಿರ ಓಡಿದಳು. ಖಾಲಿ ಸಾಲೂ ಬೆಳ್ಳಗೆ!

"ನಿನ್ನೆ ಇಲ್ಲಿಗೆ ಬರೋ ಮುಂಚೆ ಏನೇನು ಮುಟ್ಟಿದ್ದೆ?" ಮೇಡಂ ಕೇಳಿದರು.

"ಪಪ್ಪಾಯಿಕಾಯಿ ಹೆಚ್ಚಿಕೊಟ್ಟಿದ್ದೆ ಮೇಡಂ. ಅಮ್ಮಂಗೆ ಸೋಮವಾರ ಒಪ್ಪೊತ್ತು, ಪಲ್ಯಕ್ಕೆ."

ಮೇಡಂ ಮೈ ಕುಲುಕಿಸಿ ನಕ್ಕುಬಿಟ್ಟರು. "ಲಿಂಗಪೂಜೆ ಮನೆ ಹುಡುಗಿ, ನಿಂಗೆಲ್ಲಿ ಗೊತ್ತಾಗ್ಬೇಕು! ಹಿನಕಲ್ಲಲ್ಲಿ ನಮ್ಮವ್ವ ಬಲಿತ ಮಟನ್ ಮೆತ್ತಗೆ ಬೇಯ್ಲಿ ಅಂತ ಅದನ್ನೇ ಹಾಕೋಳು. ನಿನ್ನ ಕೈಗಂಟಿದ ಅದರ ಹಾಲೂ ಪ್ರೋಟೀನ್ ಕತ್ತರಿಸ್ತದೆ ಕಣೇ."

ಉಳಿದಿದ್ದ ಕೊಬ್ಬು ಇನ್ನೊಂದೇ ಜೆಲ್‌ಗೆ ಸಾಕಾಗುವಷ್ಟು. ಹೇಮಶ್ರೀ ಹಿಂದೆ ಸರಿದಳು. "ಈ ಸಲ ನೀವೇ ಹಾಕ್ಬುಡಿ ಮೇಡಂ."

"ಕೆಡಿಸ್ದೋಳೇ ಸರಿ ಮಾಡ್ಬೇಕು." ಆಸ್ಪತ್ರೆಯಿಂದ ತರಿಸಿದ ಕೈಗವಸು ಅವಳ ಮುಂದಿಟ್ಟು ಮೇಡಂ ಹೊರಗೆ ಹೋಗಿ ಕೂತರು. ಒಮ್ಮೆಯೂ ಇಣುಕಲಿಲ್ಲ.

ಬುಧವಾರ ಖಾಲಿ ಸಾಲು ಅಪ್ಪಟ ನೀಲಿ. ದಪ್ಪ ಇಲಿಯ ಸಾಲಿನಲ್ಲಿ ಅಗಲವಾದ ಬಿಳಿ ಪಟ್ಟಿ, ಸಣ್ಣ ಇಲಿಯದರಲ್ಲಿ ಗೆರೆಯಷ್ಟೇ. ಮೇಡಂ ಹೇಳಿದ್ದೇ ನಿಜವಾಗಿತ್ತು.

ಗುರುವಾರ ಮೇಡಂ ಎಲ್ಲರ ಮುಂದೆ ಮೊದಲು ಎತ್ತಿ ಹಿಡಿದದ್ದು ಕೆಟ್ಟ ಜೆಲ್ಲನ್ನು. ಮಾನ ಹೋಯಿತೆಂದು ಹೇಮಶ್ರೀ ತಲೆ ತಗ್ಗಿಸಿದಳು.

"ಕೈಗವಸು ಕೊಡದೆ ಕೆಲಸ ಹೇಳಿದೋಳು ನಾನು. ಈ ತಪ್ಪು ನಂದು," ಎಂದರು ಮೇಡಂ. "ಸರಿ ಮಾಡಿದೋಳು ಹೇಮಶ್ರೀ. ಮುಂದಿಂದು ಅವಳೇ ಹೇಳ್ತಾಳೆ."

ಒಳ್ಳೆಯ ಜೆಲ್ಲನ್ನು ಅವಳ ಕೈಗಿತ್ತು, ಆ ದೊಡ್ಡ ಹೆಂಗಸು ಹಿಂದಿನ ಬೆಂಚಿಗೆ ಹೋಗಿ ವಿದ್ಯಾರ್ಥಿಯ ಹಾಗೆ ಕೂತರು. ಆ ದಿನ ಯಾರೂ ನಗಲಿಲ್ಲ.