ತಪಸ್ಸುಕಾಲದ ಪಿಟೀಲು

ಓಜೆಮ್ ಲತಿಯೊಲೆ ಏಡಿಯ ಹಾಗೆ ಓರೆಯಾಗಿ ನಡೆಯುತ್ತಿದ್ದ. ಬಾರಿನ ಕಟ್ಟೆಗೂ ಬಾಟಲಿಗಳ ಕಪಾಟಿಗೂ ನಡುವಿನ ಇಕ್ಕಟ್ಟಿನಲ್ಲಿ ಆಯುಷ್ಯವೆಲ್ಲ ಎಡಭುಜ ಮುಂದಿಟ್ಟು ಸರಿದಾಡಿದ ಆ ದೇಹ, ಲೂಸಿಯಾನದ ನಮ್ಮ ಭತ್ತದ ಬಯಲಿಗೆ ಬಂದರೂ, ಇಗರ್ಜಿಯ ಅಗಲವಾದ ನಡುದಾರಿಗೆ ಇಳಿದರೂ, ಲೋಕವೆಲ್ಲ ಒಂದು ಸಂದಿಯೆಂಬಂತೆ ಓರೆಯಾಗಿಯೇ ಸಾಗುತ್ತಿತ್ತು. ಮೈಮೇಲೆ ಒಂದಳತೆ ದೊಡ್ಡದಾದ ಕಂದು ಕೋಟು. ಆಗಸ್ಟಿನ ಧಗೆಯಲ್ಲೂ ಅದರ ಗುಂಡಿ ಬಿಚ್ಚಿದವನಲ್ಲ.

ಅವನಿಗೆ ಒಂದು ವಾದ್ಯವೂ ಬಾರದು. ಹಾಡಿದರೆ ಅವನ ನಾಯಿಯೇ ಎದ್ದು ಹೋಗುತ್ತಿತ್ತು. ಆದರೂ ಶನಿವಾರ ಬೆಳಿಗ್ಗೆ ಊರಿನ ಸಂಗೀತವೆಲ್ಲ ಸೇರುತ್ತಿದ್ದದ್ದು ಅವನ ಬಾರಿನಲ್ಲಿ. ಮನೆಯ ಮಾತಾದ ಫ್ರೆಂಚ್ ಆಡಿದ್ದಕ್ಕೆ ಶಾಲೆಯಲ್ಲಿ ಶಿಕ್ಷೆಯೆಂದು ಮೊಳಕಾಲೂರಿ ಕೂತ ಮಕ್ಕಳು ನಾವು; ಅಲ್ಲಿ ಮಾತ್ರ ಹಾಡು ಆ ಮಾತಿನಲ್ಲೇ ಇರಬೇಕಿತ್ತು. ಪೇಟೆಯವನೊಬ್ಬ ಇಂಗ್ಲಿಷಿನಲ್ಲಿ ಶುರುಮಾಡಿದಾಗ ಓಜೆಮ್ ಗ್ಲಾಸು ಒರೆಸುತ್ತಲೇ, "ಚೆನ್ನಾಗಿದೆ ಶಾ, ಆದ್ರೆ ನಮ್ ಗೋಡೆಗಳಿಗೆ ಅರ್ಥ ಆಗಲ್ಲ" ಅಂದಿದ್ದ. ಪಾದ್ರಿಯಿಂದ ಹಿಡಿದು ಜಗಳಗಂಟ ಕುಡುಕನವರೆಗೆ ಎಲ್ಲರೂ ಅವನ ಬಾಯಲ್ಲಿ 'ಶಾ', ಚಿನ್ನದಂಥವರು.

ಒಂದು ಹಟವಿತ್ತು. ಬೂದಿ ಬುಧವಾರದಿಂದ ಈಸ್ಟರಿನವರೆಗೆ, ಯೇಸುವಿನ ಯಾತನೆ ನೆನೆದು ಉಪವಾಸವಿರುವ ತಪಸ್ಸುಕಾಲ ಮುಗಿಯುವ ತನಕ, ಅವನ ಬಾರಿನಲ್ಲಿ ಒಂದು ಸ್ವರವೂ ಏಳಕೂಡದು. ಬೇರೆ ಬಾರಿನವರು ಎಂದೋ ಬಿಟ್ಟ ಕಟ್ಟಳೆ. ಅವನು ಮಾತ್ರ ಬಿಳಿ ದುಪ್ಪಟಿ ತಂದು ವೇದಿಕೆಗೆ ಹೊದಿಸಿಬಿಡುತ್ತಿದ್ದ.

ಆ ವರ್ಷ ತಪಸ್ಸುಕಾಲದಲ್ಲೇ ಪಿಟೀಲಿನ ಆಲ್ಸೆ ಮುದುಕ ಹಾಸಿಗೆ ಹಿಡಿದ. ಅವನಪ್ಪ ಕಟ್ಟಿದ ಒಂದು ವಾಲ್ಟ್ಸ್ ಕುಣಿತದ ಧಾಟಿ ಅವನೊಬ್ಬನಿಗೇ ಗೊತ್ತಿತ್ತು. ಯಾರು ಕೇಳಿದರೂ ಕಲಿಸದೆ ಬಚ್ಚಿಟ್ಟುಕೊಂಡಿದ್ದ. ನಾನು ಬಾರಿನ ಅಡುಗೆಮನೆಯಲ್ಲಿ ಸೀಗಡಿ ಸುಲಿಯುತ್ತಿದ್ದಾಗ, ಮಾಂಸದಂಗಡಿಯ ವರ್ಲಿ, ನಮ್ಮ ಅಕಾರ್ಡಿಯನ್ ನುಡಿಸುವವಳು, ಓಡಿಬಂದಳು.

"ಓಜೆಮ್ ಮಾವ, ಆಲ್ಸೆಯಜ್ಜ ಕಲಿಸ್ತೀನಿ ಅಂದ್ರು. ಈಸ್ಟರ್ ತನಕ ಉಳಿಯಲ್ವಂತೆ."

"ಅವನ ಮನೇಲೇ ಕಲಿ, ಶಾ."

"ಒಪ್ತಿಲ್ಲ. ನಿಮ್ಮ ಹಲಗೆ ನೆಲಕ್ಕೆ ಹಿಮ್ಮಡಿ ಬಡೀದೆ ಆ ಧಾಟಿ ಕೈಗೆ ಬರಲ್ವಂತೆ."

"ಸಾಯೋ ಹೊತ್ತಲ್ಲೂ ಮುದುಕನ ಸೊಕ್ಕು ನೋಡು!"

ದುಪ್ಪಟಿಯನ್ನೇ ದಿಟ್ಟಿಸುತ್ತ ನಿಂತಿದ್ದವನು ಸರಕ್ಕನೆ ಇಗರ್ಜಿಗೆ ಹೋಗಿ ಬಂದ.

"ಪಾದ್ರಿ ಏನಂದ್ರು?" ಅಂದೆ.

"ಕೇಳಲಿಲ್ಲ. ಕೇಳಿದ್ರೆ ಬೇಡ ಅಂದ್ಬಿಡ್ತಾರೆ. ಮೇಣದಬತ್ತಿ ಹಚ್ಚಿ ಬಂದೆ."

ಮರುದಿನ ಬೆಳಿಗ್ಗೆ ಆಲ್ಸೆಯನ್ನು ಕುರ್ಚಿಯ ಸಮೇತ ಹೊತ್ತು ತಂದರು. ಓಜೆಮ್ ಬಿಯರಿನ ಪೆಟ್ಟಿಗೆಗೆ ಬೀಗ ಜಡಿದು, ತನ್ನ ಕೈಯಾರೆ ದುಪ್ಪಟಿ ಸರಿಸಿ, "ಕುಡಿಯೋದಿಲ್ಲ, ಕುಣಿಯೋದಿಲ್ಲ. ಎದ್ದೋರು ಸೀದಾ ಹೊರಗೆ!" ಎಂದು ಸಾರಿದ.

"ಇದೇನ್ ಬಾರೋ, ಸಾವಿನ ಮನೆಯೋ?" ಎಂದ ಆಲ್ಸೆ.

"ನೀನಿನ್ನೂ ಸತ್ತಿಲ್ಲ, ನುಡಿಸು."

ಕಮಾನು ನಡುಗುತ್ತಿತ್ತು, ಹಿಮ್ಮಡಿ ಮಾತ್ರ ತಪ್ಪಲಿಲ್ಲ. ಧಾಟಿ ತಿರುಗುವಲ್ಲಿ ಒಂದು ಪೆಟ್ಟು ಹೆಚ್ಚಿಗೆ ಕಾಯಬೇಕಿತ್ತು. ವರ್ಲಿ ಕಾಯದೆ ಮುನ್ನುಗ್ಗುತ್ತಿದ್ದಳು. "ಅವಸರ ಏನೇ? ನಿನ್ನ ಮಾಂಸ ಏನು ಹಳಸಿಹೋಗತ್ತಾ?" ಎಂದು ಮುದುಕ ಬೈದ. ಕಾಲು ತಾನಾಗಿ ಕುಣಿಯದಂತೆ ನಾವೆಲ್ಲ ಮೊಳಕಾಲನ್ನು ಕೈಯಲ್ಲಿ ಅದುಮಿಕೊಂಡು ಕೂತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅವಳು ಕೊನೆಯವರೆಗೂ ತಪ್ಪಿಲ್ಲದೆ ನುಡಿಸಿದಳು. ಆಲ್ಸೆ ಪಿಟೀಲನ್ನು ಮಡಿಲಿಗಿಳಿಸಿ ಕಣ್ಣು ಮುಚ್ಚಿ ಕೇಳಿದ. ಈಸ್ಟರಿಗೆ ವಾರ ಮೊದಲಿನ ಗರಿಗಳ ಭಾನುವಾರ ಬರುವ ಮುಂಚೆಯೇ ತೀರಿಕೊಂಡ.

ಈಸ್ಟರ್ ಪೂಜೆಯಲ್ಲಿ ಊರೆಲ್ಲ ಪರಮಪ್ರಸಾದಕ್ಕೆ ಎದ್ದಾಗ ಓಜೆಮ್ ಹಿಂದಿನ ಬೆಂಚಿನಲ್ಲೇ ಕುಳಿತಿದ್ದ. ಮಾಡಿದ ಪಾಪವನ್ನು ಪಾದ್ರಿಯೆದುರು ಒಪ್ಪಿಕೊಳ್ಳದವನು ಆ ಪ್ರಸಾದ ಮುಟ್ಟುವಂತಿಲ್ಲ.

"ಪಾಪನಿವೇದನೆ ಮಾಡಿ ಮುಗಿಸಬಾರ್ದಾ?" ಎಂದು ಸಾಲಿಗೆ ಹೋಗುತ್ತ ಬಗ್ಗಿ ಪಿಸುಗುಟ್ಟಿದೆ.

"ಮಾಡಿದ್ರೆ ಪಶ್ಚಾತ್ತಾಪ ಆಗಿದೆ ಅನ್ಬೇಕಲ್ಲ, ಶಾ. ನನಗೆ ಆಗಿಲ್ವಲ್ಲ."

ಕಟ್ಟಳೆಯನ್ನು ಲೆಕ್ಕಕ್ಕಿಡದವರು ಅದನ್ನು ದಿನವೂ ಮೀರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಜೀವಮಾನವೆಲ್ಲ ಪಾಲಿಸಿ, ಇನ್ನೊಬ್ಬರ ಹಾಡಿಗಾಗಿ ಒಂದೇ ಒಂದು ಸಲ ಮೀರಿ, ಅದರ ದಂಡವನ್ನು ಯಾರ ಮೇಲೂ ಹೊರಿಸದೆ ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರುವವರು ಕೆಲವರಿರುತ್ತಾರೆ. ಒಂದು ಜನಾಂಗದ ಹಾಡು ಮುಂದಿನವರ ಕೈಗೆ ದಾಟುವುದು ಅಂಥವರ ನೆಲದ ಮೇಲೆಯೇ.