ಡ್ರೈವರಮ್ಮನ ಉಶ್ಶ್

ಬಸ್ಸು ನಿಂತಾಗ ಅದರ ಗಾಳಿ ಬ್ರೇಕು ಉಶ್ಶ್ ಎಂದು ಉಸಿರು ಬಿಡುವುದನ್ನು ಎಲ್ಲರೂ ಕೇಳಿರುತ್ತಾರೆ. ಆ ಸದ್ದು ಕೇಳಿ ಎದ್ದು ಹೋಗಿ ಟೀಗೆ ನೀರಿಡುತ್ತಿದ್ದ ಮನುಷ್ಯ ಮಾತ್ರ ಭೂಮಿಯ ಮೇಲೆ ಒಬ್ಬನೇ ಇದ್ದಿರಬೇಕು. ಆತ ಡ್ರೈವರಮ್ಮನ ಗಂಡ.

ಆತ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮನೆ ಇದ್ದದ್ದು ದಿನ್ನೆಯ ತುದಿಯಲ್ಲಿ, ಬಸ್ಸಿನ ಕೊನೆಯ ಸ್ಟಾಪಿನ ಮಗ್ಗುಲಿಗೇ. ಡ್ರೈವರಮ್ಮ ಪಾಳಿ ಮುಗಿಸಿ, ಬಸ್ಸನ್ನು ಮುಂದಿನವರ ಕೈಗೊಪ್ಪಿಸಿ ಒಳಗೆ ಕಾಲಿಡುವಷ್ಟರಲ್ಲಿ ಟೀ ಸಿದ್ಧವಾಗಿರುತ್ತಿತ್ತು. ಮದುವೆಯಾದಂದಿನಿಂದ ಆತ ಹೆಂಡತಿಗೆ ಒಂದು ಪ್ರೀತಿಯ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡವನಿಗೆ ಮಾತಿಗೆ ಜಾಗವೆಲ್ಲಿ? ಆಕೆಗೂ ಮಾತು ಬೇಕಿರಲಿಲ್ಲ. ಟೀ ಸಾಕಿತ್ತು.

ಆಮೇಲೆ ನಿವೃತ್ತಿ ಬಂತು. ಭಾಷಣ ಮಾಡಿದರು, ಕೈ ಕುಲುಕಿದರು, ಕಳಿಸಿಕೊಟ್ಟರು. ಅದರ ಬೆನ್ನಿಗೇ ಬಸ್ಸಿನ ಕೊನೆಯ ಸ್ಟಾಪೂ ಕೆಳಗಿನ ದೊಡ್ಡ ರಸ್ತೆಗೆ ಇಳಿದುಹೋಯಿತು. ಸ್ಟೇರಿಂಗ್ ಹಿಡಿಯದೆ ಡ್ರೈವರಮ್ಮನ ಕೈ ಕಡಿಯತೊಡಗಿತು. ಹುಡುಕಿ ಹುಡುಕಿ ಒಂದು ಹಳೆಯ ಟರ್ಬೊ ಕಾರು ಕೊಂಡಳು. ಪುಟ್ಟ ಕಾರು, ಕೆಂಪು ಬಣ್ಣ, ಬೆಕ್ಕಿನ ಹೆಜ್ಜೆ. ಮೊದಲ ದಿನವೇ ಗಂಡನಿಗೆ ಬೇಕಾದ ಜಿಪ್ಪು, ದಾರ ತರಲು ಪೇಟೆಗೆ ಹೋಗಿ ಸಂಜೆ ಮರಳಿದಳು. ಬಾಗಿಲಲ್ಲಿ ನಿಂತಳು. ಹೊಲಿಗೆ ಮೆಷೀನು ಗಡಗಡ ಓಡುತ್ತಲೇ ಇತ್ತು.

"ಅರೆ, ಬಂದೇಬಿಟ್ಯಾ? ಯಾವಾಗ ಬಂದೆ?" ಎಂದು ಕೇಳಿದ ಗಂಡ ಮತ್ತೆ ಬಟ್ಟೆಯ ಮೇಲೆ ಬಗ್ಗಿದ. ಒಳಗೆ ಕೆಟಲು ತಣ್ಣಗೆ ಕೂತಿತ್ತು.

ಮರುದಿನವೂ ಅದೇ ಕತೆ, ಅದರ ಮರುದಿನವೂ ಅದೇ. ನಾನು ಬರುವುದನ್ನು ಕಾಯುವ ಜೀವ ಒಂದಿತ್ತು, ಈಗ ಅದಕ್ಕೂ ನಾನು ಬಂದದ್ದು ಗೊತ್ತಾಗುವುದಿಲ್ಲ ಎಂದು ಡ್ರೈವರಮ್ಮ ಸಂಕಟಪಟ್ಟಳು. "ಟೀ ಇಡ್ರೀ" ಎಂದು ಬಾಯಿಬಿಟ್ಟರೆ ಆತ ಇಡುತ್ತಿದ್ದ, ಇಲ್ಲವೆನ್ನುವ ಗಂಡಸಲ್ಲ. ಆದರೆ ಕೇಳಿ ಮಾಡಿಸಿಕೊಂಡ ಟೀ, ಕಾದು ಇಟ್ಟ ಟೀ ಆಗುತ್ತದೆಯೇ? ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೆಯ ದಿನ ನೇರ ಅಣ್ಣನ ಮಗಳ ಗ್ಯಾರೇಜಿಗೆ ಹೋದಳು.

ಆ ಹುಡುಗಿಯನ್ನು ಮನೆಯವರೆಲ್ಲ ಗುಬ್ಬಿ ಅನ್ನುತ್ತಿದ್ದರು. ಹೆಸರಿಗೆ ಗುಬ್ಬಿ, ಎತ್ತುವುದು ಗೇರ್‌ಬಾಕ್ಸು.

"ಗುಬ್ಬಿ, ಟರ್ಬೊ ಕಾರಿಗೆ ಉಶ್ಶ್ ಅನ್ನೋದೊಂದು ಹಾಕ್ತಾರಂತಲ್ಲ?"

"ಬ್ಲೋ-ಆಫ್ ವಾಲ್ವಾ? ಅದು ಹುಡುಗರ ಶೋಕಿ ಅತ್ತೆ. ನಿಮಗ್ಯಾಕೆ?"

"ಇಂಜಿನ್ನಿಗೆ ಒಳ್ಳೇದಂತೆ."

ಕಳ್ಳನಿಗೊಂದು ಪಿಳ್ಳೆ ನೆವ. ಗುಬ್ಬಿ ನಂಬಲಿಲ್ಲ, ಆದರೂ ಬಾನೆಟ್ ಎತ್ತಿ ತೋರಿಸಿದಳು. ಟರ್ಬೊ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಡ್ರೈವರು ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಇಂಜಿನ್ನಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಂದ ಗಾಳಿ ಹೋಗಲು ದಾರಿಯಿಲ್ಲದೆ ತಿರುಗಿ ಟರ್ಬೊಗೇ ಬಡಿಯುತ್ತದೆ. ಹಾಗೆ ಬಡಿಯದಂತೆ ದಾರಿ ಬಿಡುವುದೇ ಈ ವಾಲ್ವು.

"ಈಗಿರೋದು ಆ ಗಾಳೀನ ಸದ್ದಿಲ್ದೆ ವಾಪಸ್ ಒಳಗೇ ಕಳಿಸತ್ತೆ," ಎಂದಳು ಗುಬ್ಬಿ. "ಹೊರಗೆ ಬಿಡೋದು ಹಾಕಿದ್ರೇನೇ ಸದ್ದು. ಕೆಲವು ಕಾರುಗಳು ಒಳಗೆ ತಗೊಂಡ ಗಾಳಿಗೆಲ್ಲ ಲೆಕ್ಕ ಇಟ್ಟಿರ್ತಾವೆ, ಹೊರಗೆ ಬಿಟ್ರೆ ಮುನಿಸ್ಕೊಂಡು ಮುಗ್ಗರಿಸ್ತಾವೆ. ನಿಮ್ಮದು ಬರೀ ಒತ್ತಡ ನೋಡೋ ಕಾರು. ಪುಣ್ಯಾತ್ಮ, ಏನೂ ಅನ್ನಲ್ಲ."

"ಹಾಗಾದ್ರೆ ಸದ್ದು ಕೇಳಿಸು."

ಗುಬ್ಬಿ ಮೂರು ವಾಲ್ವುಗಳನ್ನು ಬೆಂಚಿನ ಮೇಲಿಟ್ಟು, ಒಂದೊಂದಕ್ಕೂ ಕಂಪ್ರೆಸರಿನ ಗಾಳಿ ಬಿಟ್ಟಳು. ಮೊದಲನೆಯದು ಕುಕ್ಕರಿನಂತೆ ಕೂಗಿತು.

"ಇದು ಬೇಡಮ್ಮ. ಇದನ್ನ ಕೇಳಿದ್ರೆ ಎದ್ದು ಹೋಗಿ ಒಲೆ ಆರಿಸಿಬಿಡ್ತಾರೆ."

"ಯಾರು?"

"ಯಾರೋ ಒಬ್ಬರು. ಮುಂದಿನದು ಬಿಡು."

ಎರಡನೆಯದು ಸೀನಿತು. ಅದಕ್ಕೆ ನೆಗಡಿಯಾಗಿದೆ ಎಂದು ಡ್ರೈವರಮ್ಮ ಪಕ್ಕಕ್ಕೆ ತಳ್ಳಿದಳು. ಮೂರನೆಯದರ ಬಾಯಿ ಅಗಲ. ಅದು ಅವಸರವಿಲ್ಲದೆ, ದುಡಿದು ಬಂದವರು ಕುರ್ಚಿಯಲ್ಲಿ ಕೂರುವಾಗ ಬಿಡುವಂಥ ಉಸಿರು ಬಿಟ್ಟಿತು. ಡ್ರೈವರಮ್ಮ ಕಣ್ಣು ಮುಚ್ಚಿದಳು. ಬಸ್ಸಿನ ಬಾಗಿಲು ತೆರೆಯುವ ಗುಂಡಿ ಹುಡುಕುತ್ತ ಆಕೆಯ ಕೈ ತಾನಾಗಿ ಮುಂದೆ ಹೋಯಿತು. ಅಲ್ಲಿ ಸಿಕ್ಕಿದ್ದು ಗುಬ್ಬಿಯ ಊಟದ ಡಬ್ಬಿ.

"ಇದೇ," ಎಂದಳು.

ಮಧ್ಯಾಹ್ನವೆಲ್ಲ ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದರು. ಗುಬ್ಬಿ ಹಳೆಯ ವಾಲ್ವು ಬಿಚ್ಚಿ, ಅದರ ಗಾಳಿ ವಾಪಸು ಹೋಗುತ್ತಿದ್ದ ದಾರಿಗೆ ಬಿರಡೆ ಬಿಗಿದಳು. ಹೊಸದನ್ನು ಕೂರಿಸಿ, ಇಂಜಿನ್ನಿನಿಂದ ಬರುವ ಸಣ್ಣ ರಬ್ಬರ್ ಪೈಪನ್ನು ಅದರ ನೆತ್ತಿಗೆ ಸಿಕ್ಕಿಸಿದಳು. ಕಾಲೆತ್ತಿದ ಸುದ್ದಿಯನ್ನು ವಾಲ್ವಿಗೆ ಮುಟ್ಟಿಸುವುದು ಆ ಪೈಪೇ. ಡ್ರೈವರಮ್ಮನ ಕೆಲಸ ಟಾರ್ಚು ಹಿಡಿಯುವುದು. ಟಾರ್ಚಿಗಿಂತ ಹೆಚ್ಚಾಗಿ ಬುದ್ಧಿಮಾತು ಹಿಡಿದಳು.

"ಕ್ಲಿಪ್ಪು ಇನ್ನೊಂದ್ಸುತ್ತು ಬಿಗಿ ಮಾಡೇ."

"ಇನ್ನೊಂದ್ಸುತ್ತಿಗೆ ಪೈಪ್ ಹರಿಯತ್ತೆ ಅತ್ತೆ. ಬಸ್ಸಲ್ಲ ಇದು."

ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಹೋದರು. ಡ್ರೈವರಮ್ಮ ಓಡಿಸಿದಳು, ಕಾಲೆತ್ತಿದಳು. ಸದ್ದಿಲ್ಲ. ಮತ್ತೆ ಓಡಿಸಿದಳು. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು, ಹಾಗೆಯೇ ಬಂತು. ಸದ್ದು ಮಾತ್ರ ಇಲ್ಲ.

"ವಾಲ್ವು ಕೆಟ್ಟಿದೆ," ಎಂದು ತೀರ್ಪು ಕೊಟ್ಟಳು. ಹೇಳುವಾಗ ತಣ್ಣಗಿನ ಕೆಟಲು ಕಣ್ಣಮುಂದೆ ಬಂದಿತ್ತು.

ಗುಬ್ಬಿ ಪೈಪು ನೋಡಿದಳು, ಕ್ಲಿಪ್ಪು ನೋಡಿದಳು, ಸ್ಪ್ರಿಂಗು ಒತ್ತಿ ನೋಡಿದಳು. ಎಲ್ಲ ನೆಟ್ಟಗಿತ್ತು. ಆಮೇಲೆ ತಾನೇ ಸ್ಟೇರಿಂಗ್ ಹಿಡಿದು, ಒಮ್ಮೆ ತುಳಿದು ಕಾಲೆತ್ತಿದಳು. ಉಶ್ಶ್! ಗೋದಾಮಿನ ಗೋಡೆ ಅದನ್ನು ಇನ್ನೊಮ್ಮೆ ಹೇಳಿತು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಗುಬ್ಬಿ.

ಮತ್ತೆ ಡ್ರೈವರಮ್ಮನ ಸರದಿ. ಮತ್ತೆ ಮೌನ. ಈ ಸಲ ಗುಬ್ಬಿ ವಾಲ್ವಿಗೆ ಕಿವಿ ಕೊಡದೆ ಅತ್ತೆಯ ಕಾಲನ್ನು ನೋಡಿದಳು. ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆದ ಹಾಗೆ ಆ ಕಾಲು ಇಳಿಯುತ್ತಿತ್ತು, ಏಳುತ್ತಿತ್ತು. ಟರ್ಬೊ ಗಾಳಿ ಒತ್ತುವ ಗೋಜಿಗೇ ಹೋಗುತ್ತಿರಲಿಲ್ಲ. ನಡುನಡುವೆ ಅತ್ತೆಯ ಕಣ್ಣು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ ಬರುತ್ತಿತ್ತು.

"ಅತ್ತೆ, ಹಿಂದೆ ಯಾರನ್ನ ನಿಲ್ಲಿಸ್ಕೊಂಡಿದೀರಿ?"

"ಯಾರನ್ನ?" ಎಂದಳು ಡ್ರೈವರಮ್ಮ. ಆಮೇಲೆ ತಾನೇ ನಿಧಾನ ಮಾಡಿದಳು. ನಿಜ, ನಿಲ್ಲಿಸಿಕೊಂಡಿದ್ದಳು. ಸೀಟು ಸಿಗದ ಮುದುಕಿಯರು, ಚೀಲ ಹೊತ್ತವರು, ಕಂಬ ಹಿಡಿದು ತೂಕಡಿಸುವವರು. ಒಬ್ಬರೂ ಜೋಲಿ ಹೊಡೆಯಬಾರದು ಎಂದು ಜೀವಮಾನವಿಡೀ ಕಾಲನ್ನು ಪಳಗಿಸಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಇದು ಕಲಿತ ಗುಣವಾದರೂ ಅಷ್ಟೇ ಗಟ್ಟಿ.

"ಎಲ್ಲ ಇಳಿದಾಯ್ತು ಅತ್ತೆ. ತುಳೀರಿ."

ಡ್ರೈವರಮ್ಮ ಹಿಂತಿರುಗಿ ಖಾಲಿ ಸೀಟನ್ನು ಒಮ್ಮೆ ಕಣ್ತುಂಬ ನೋಡಿದಳು. ಎಲ್ಲರೂ ಕ್ಷೇಮವಾಗಿಯೇ ಇಳಿದಿದ್ದಾರೆ ಅನ್ನಿಸಿತು. ತಿರುಗಿ ತುಳಿದಳು. ಕಾರು ಹಾರಿತು, ಬೆನ್ನು ಸೀಟಿಗೆ ಅಂಟಿತು, ಗುಬ್ಬಿ "ಅಮ್ಮಾ" ಎಂದಳು. ಡ್ರೈವರಮ್ಮ ಕಾಲೆತ್ತಿದಳು.

ಉಶ್ಶ್!

ನಗು ಹೊಟ್ಟೆಯಿಂದ ಎದ್ದು ಬಂತು. ತಡೆಯಲಾಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ, ಆ ರಸ್ತೆಯ ಉದ್ದಕ್ಕೂ ಉಶ್ಶ್ ಉಶ್ಶ್ ಅನ್ನಿಸುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೊಡ್ಡ ರಸ್ತೆಗೆ ಬಂದು ಬಸ್‌ಸ್ಟಾಪಿನ ಹತ್ತಿರ ಕಾಲೆತ್ತಿದಾಗ, ಬೆಂಚಿನ ಮೇಲೆ ಕೂತಿದ್ದವರೆಲ್ಲ ಚೀಲ ಎತ್ತಿಕೊಂಡು ಎದ್ದು ನಿಂತರು. ಎದುರಿಗೆ ಹೋದದ್ದು ಅಂಗೈಯಗಲದ ಕೆಂಪು ಕಾರು. ಒಬ್ಬ ಅಜ್ಜಿ ಅದಕ್ಕೂ ಕೈ ಅಡ್ಡ ಹಿಡಿದಳು. ಡ್ರೈವರಮ್ಮ ನಿಲ್ಲಿಸಿ, ಆಕೆಯನ್ನು ಹತ್ತಿಸಿಕೊಂಡು, ಮನೆಯವರೆಗೂ ಒಂದು ಜೋಲಿ ಹೊಡೆಸದೆ ಬಿಟ್ಟುಬಂದಳು.

ಸಂಜೆ ಗುಬ್ಬಿಯನ್ನು ಗ್ಯಾರೇಜಿನಲ್ಲಿಳಿಸಿ ಒಬ್ಬಳೇ ದಿನ್ನೆ ಏರಿದಳು. ಸದ್ದು ಕೇಳಿಯೂ ಆತ ಏಳದಿದ್ದರೆ? ಹಾಗೇನಾದರೂ ಆದರೆ ಇನ್ನು ಹಾಕಿಸಿಕೊಳ್ಳಲು ಯಾವ ವಾಲ್ವೂ ಇಲ್ಲವಲ್ಲ. ಏರಿನಲ್ಲಿ ಇಂಜಿನ್ನಿಗೆ ತ್ರಾಸ ಕೊಡಲು ನೆವ ಬೇಕಿರಲಿಲ್ಲ. ಒತ್ತಿ ತುಳಿದು, ತುದಿಯಲ್ಲಿ, ಹಳೆಯ ಸ್ಟಾಪಿನ ಕಂಬದ ಹತ್ತಿರ ಕಾಲೆತ್ತಿದಳು. ಕಾರು ಉದ್ದವಾಗಿ ಉಸಿರು ಬಿಟ್ಟಿತು. ಇಂಜಿನ್ನು ಆರಿಸಿ ಕಿವಿಗೊಟ್ಟಳು. ಮನೆಯಲ್ಲಿ ಮೆಷೀನಿನ ಗಡಗಡ ಇರಲಿಲ್ಲ.

ಒಳಗೆ ಮೆಷೀನಿನ ಸೂಜಿಯಡಿ ಅರ್ಧ ಹೊಲಿದ ಪ್ಯಾಂಟು ಹಾಗೇ ಸಿಕ್ಕಿಕೊಂಡಿತ್ತು. ಗಂಡ ಅಡುಗೆಮನೆಯಲ್ಲಿದ್ದ, ಕೊರಳಲ್ಲಿ ಟೇಪು, ಕೈಯಲ್ಲಿ ಎರಡು ಲೋಟ. ಕೆಟಲು ಆಗಲೇ ಗೊಣಗುತ್ತಿತ್ತು.

"ಬಸ್ ಬಂತು ಅಂತ ಎದ್ಬಂದೆ ಕಣೇ," ಎಂದ ಆತ, ಅಪರೂಪಕ್ಕೆ ಬಾಯಲ್ಲಿ ಸೂಜಿಯಿಲ್ಲದೆ. "ನೀರಿಟ್ಟ ಮೇಲೆ ಜ್ಞಾಪಕ ಬಂತು, ಬಸ್ಸು ಇಲ್ಲಿಗೆ ಬರಲ್ಲ, ನೀನೂ ಈಗ ಬಸ್ ಓಡಿಸಲ್ಲ ಅಂತ. ಆದ್ರೂ ಆರಿಸೋಕೆ ಮನಸ್ಸು ಬರಲಿಲ್ಲ. ಯಾಕೋ ನೀನೇ ಬರ್ತೀಯ ಅನ್ನಿಸ್ತು."

ಡ್ರೈವರಮ್ಮ ಕುರ್ಚಿ ಎಳೆದು ಕೂತಳು. ಕೂರುವಾಗ ಬಾಯಿಂದ ತಾನಾಗಿ ಒಂದು ಉಶ್ಶ್ ಹೊರಟಿತು.

ಗಂಡ ಟೀ ಬಗ್ಗಿಸಿ ಲೋಟ ಮುಂದಿಟ್ಟ. "ನಾಳೆ ಗುಂಡಿ ಬೇಕಿತ್ತು, ಕಪ್ಪುದು," ಎಂದ. "ಪೇಟೆಗೆ ಹೋದ್ರೆ ಎಷ್ಟೊತ್ತಿಗೆ ಬರ್ತೀಯ?"

ಆಕೆ ಒಂದು ಗುಟುಕು ಕುಡಿದು, ನಾಲಗೆ ಸುಟ್ಟುಕೊಂಡು, ಅದನ್ನೂ ಲೆಕ್ಕಿಸದೆ ನಕ್ಕಳು.

"ನೀವು ಹೊಲೀತಾ ಇರಿ. ನಾನು ಬಂದಾಗ ನಿಮಗೆ ಗೊತ್ತಾಗತ್ತೆ."