ತಿರುಗಿ ಬಂದ ಸೊಲ್ಲು

ಪವಿತ್ರಾ ಎರಡನೆಯ ಜೀನಿನ ಸಾಲನ್ನು ಹಿಂದುಮುಂದು ತಿರುಗಿಸಿ, ಪ್ರತಿ ಅಕ್ಷರಕ್ಕೆ ಅದರ ಜೋಡಿ ಅಕ್ಷರ ಹಾಕಿ, ಮೊದಲನೆಯದರ ಕೆಳಗೆ ಇಟ್ಟು ನೋಡಿದಳು. ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ.

ಕುಮಟಾದ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಆರು ವರ್ಷದಿಂದ ಅವಳು ಕುದುರೆಗೆ ತಗಲುವ ಹರ್ಪಿಸ್ ವೈರಸ್ಸಿನ ಜೀನೋಮ್ ಹಿಡಿದು ಕೂತಿದ್ದಳು. ಒಂದೂವರೆ ಲಕ್ಷ ಅಕ್ಷರಗಳ ಆ ಸರಪಳಿಯಲ್ಲಿ ಪ್ರೋಟೀನು ಕಟ್ಟುವ ಜೀನು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಊಹಿಸುವುದೇ ಕೆಲಸ. ಯಾರೂ ಗುರುತಿಸದ ಒಂದು ಜೀನು ಸಿಕ್ಕಿತೆಂದು ಪಿಎಚ್.ಡಿ. ಪ್ರಬಂಧದಲ್ಲಿ ಬರೆದಾಗಿತ್ತು. ಕಾಲೇಜಿನವರು ಶಾಲು ಹೊದೆಸಿದ್ದರು, ಪೇಪರಿನಲ್ಲಿ ಫೋಟೋ ಬಂದಿತ್ತು. ಸೋಮವಾರ ಮೌಖಿಕ ಪರೀಕ್ಷೆ.

ಈ ವೈರಸ್ಸು ತನ್ನದೇ ಒಂದು ತುಂಡನ್ನು ಕೊನೆಯಲ್ಲಿ ತಿರುವಿ ಇನ್ನೊಮ್ಮೆ ಇಟ್ಟುಕೊಂಡಿರುತ್ತದೆ. ಅದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದಳೋ. ಆದರೂ ಆಗಲೇ ಗೊತ್ತಿದ್ದ ಜೀನುಗಳ ಹಳೆಯ ಪಟ್ಟಿಯ ಜೊತೆ ಹೋಲಿಸುವಾಗ ಜಾಗಗಳನ್ನಷ್ಟೇ ನೋಡಿದ್ದಳು, ಅಕ್ಷರಗಳನ್ನಲ್ಲ. ಹೊಸದೆಂದದ್ದು ಹಳೆಯದರದೇ ಪ್ರತಿ.

ಗೈಡಿಗೆ ಫೋನು ಮಾಡಿದಳು. ಪರೀಕ್ಷಕರು ಅಷ್ಟು ಆಳಕ್ಕೆ ಇಳಿಯುವವರಲ್ಲ, ಮೊದಲು ಪದವಿ ಕೈಗೆ ಬರಲಿ, ಆಮೇಲೆ ತಿದ್ದಿದರಾಯಿತು ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅಂಗಳದಲ್ಲಿ ಅವ್ವ ದೇವಿ ಈರುಳ್ಳಿಯ ಒಣ ಎಲೆಗಳನ್ನು ಜಡೆಯಂತೆ ಹೆಣೆದು ಗೊಂಚಲು ಕಟ್ಟುತ್ತಿದ್ದಳು, ಹೆದ್ದಾರಿ ಬದಿ ಮಾರುವುದಕ್ಕೆ. ಬಾಯಲ್ಲಿ ಹಾಡು. ಮಗಳನ್ನು ನೋಡಿ ನಿಲ್ಲಿಸಿದಳು.

"ಎಂತ ಆತು ಮಗಾ?"

ಪವಿತ್ರಾ ಅವ್ವನಿಗೆ ತಿಳಿಯುವ ಹಾಗೆ ಎಲ್ಲ ಹೇಳಿದಳು. ದೇವಿ ನಕ್ಕುಬಿಟ್ಟಳು.

"ಹಾಡು ಬರ್ಕಂಬುಕೆ ಬಂದಿದ್ನಲ, ಆ ಮಾಸ್ತರನ ಕತೆನೇ ಆತು. ನಾ ಹೇಳಿದ್ದ ಸೊಲ್ಲನ್ನೇ ಹಿಂದೆ ಹಾಡೋರು ತಿರುಗಿ ಹೇಳಿದ್ರೆ, ಅವ ಬೇರೆ ಹಾಡು ಅಂತ ಬರ್ಕಂಡಿದ್ದ."

"ನೀನು ಎಂತ ಮಾಡಿದೆ?"

"ಹೇಳ್ದೆ. ಗೀಟು ಎಳೆದು ಹೊಡೆದು ಹಾಕ್ದ." ದೇವಿ ಗೊಂಚಲಿಗೆ ಇನ್ನೊಂದು ಈರುಳ್ಳಿ ಸೇರಿಸಿದಳು. "ಹೇಳದಿದ್ರೆ ನನ್ನ ಹೆಸ್ರಿಗೆ ಒಂದು ಹಾಡು ಹೆಚ್ಚಿರ್ತಿತ್ತು."

ಪವಿತ್ರಾ ಅಲ್ಲೇ ಮೆಟ್ಟಿಲ ಮೇಲೆ ಕೂತು, ಪರೀಕ್ಷಕರಿಗೂ ಗೈಡಿಗೂ ಫೋನಿನಲ್ಲೇ ಒಂದೇ ಮೇಲ್ ಬರೆದಳು: ಆ ಜೀನು ಹೊಸದಲ್ಲ, ಕೊನೆಯ ಅಧ್ಯಾಯ ತಪ್ಪು, ಹಿಂತೆಗೆದುಕೊಳ್ಳುತ್ತೇನೆ. ಎರಡು ಸಲ ಓದಿದಳು. ಕಳಿಸಿದಳು.

ಐದು ನಿಮಿಷವಾಗಿರಲಿಲ್ಲ, ಈರುಳ್ಳಿ ಸಿಪ್ಪೆಗಳ ನಡುವೆ ಫೋನು ಗುಂಯ್ಗುಟ್ಟತೊಡಗಿತು. ಗೈಡಿನ ಹೆಸರು. ಅದು ನಿಂತು ಮತ್ತೆ ಶುರುವಾಯಿತು.

ದೇವಿ ಫೋನಿನ ಕಡೆ ನೋಡಲಿಲ್ಲ. ಬಿಟ್ಟಲ್ಲಿಂದ ಹಾಡು ಎತ್ತಿಕೊಂಡು ಒಂದು ಸೊಲ್ಲು ಮುಗಿಸಿ ಮಗಳತ್ತ ತಿರುಗಿದಳು. ಅದನ್ನು ತಿರುಗಿ ಹೇಳುವ ಸರದಿ ಪವಿತ್ರಾಳದು. ಅವ್ವ ಕಾದಳು, ಹೆಣೆದ ಎಲೆ ಬಿಚ್ಚಿಹೋಗದಂತೆ ಹೆಬ್ಬೆರಳು ಒತ್ತಿ ಹಿಡಿದು.